ಅರಿಶಿನದ ಕಲೆಗೆ ಬಿಸಿಲು, ಮಳೆಗಾಲದ ಬಟ್ಟೆಗೆ ಗಾಳಿ

ಮುಂಬಯಿಯ ಮಾಟುಂಗದ ಒಂದು ಸಭಾಗೃಹದಲ್ಲಿ ನೆಂಟರ ಮನೆಯ ಉಪನಯನ. ಪಂಕ್ತಿಯಲ್ಲಿ ಹುಳಿ ಬಡಿಸುವಾಗ ಸೌಟು ಜಾರಿ ಅಣ್ಣನ ಬಿಳಿ ಪಂಚೆಯ ಮೇಲೆ ಅಂಗೈ ಅಗಲದ ಹಳದಿ ಕಲೆ ಬಿತ್ತು. ಅತ್ತಿಗೆ ಅವನನ್ನು ಎಬ್ಬಿಸಿ ಕೈ ತೊಳೆಯುವಲ್ಲಿಗೆ ಕರೆದೊಯ್ದು, ಅಲ್ಲಿದ್ದ ಸೋಪು ಹಚ್ಚಿ ಉಜ್ಜಿದರು. ಕಲೆ ಕಣ್ಣೆದುರೇ ಕೆಂಪಾಯಿತು. ಗಾಬರಿಯಾಗಿ ಇನ್ನಷ್ಟು ಉಜ್ಜಿದರು, ಅಡುಗೆಯವರಿಂದ ಬಿಸಿನೀರು ತರಿಸಿ ಸುರಿದರು. "ಅತ್ತಿಗೆ, ಅದನ್ನು ಹಾಗೇ ಬಿಡಿ, ನಾಳೆ ಬಿಸಿಲಿಗೆ ಹಾಕೋಣ" ಎಂದು ನಾನು ಹೇಳಿದ್ದು ಆ ಗಡಿಬಿಡಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ರಾತ್ರಿ ಮನೆಗೆ ಹೋದವರೇ ಪಂಚೆಯನ್ನು ಬ್ಲೀಚಿನಲ್ಲಿ ನೆನೆಹಾಕಿದರು. ಬೆಳಗಾಗುವಷ್ಟರಲ್ಲಿ ಕಲೆ ಹೋಗಿತ್ತು. ಆದರೆ ಜರಿಯಂಚು ಕಪ್ಪಾಗಿತ್ತು, ಕಲೆಯಿದ್ದ ಜಾಗದಲ್ಲಿ ನೂಲು ಸವೆದು ಆಚೆಯ ಬೆಳಕು ಕಾಣುತ್ತಿತ್ತು.

ಮುಲುಂಡಿನ ನಮ್ಮ ಕಟ್ಟಡದಲ್ಲೂ ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಒಳ್ಳೆಯ ಬಟ್ಟೆಗಳು ಹಾಳಾಗುವುದು ಹೆಚ್ಚಾಗಿ ಕಲೆಯಿಂದಲ್ಲ, ಕಲೆ ತೆಗೆಯುವ ಅವಸರದಿಂದ. ಆದ್ದರಿಂದ ಆ ಭಾಗವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ.

ಮೊದಲು ವಿಂಗಡಣೆ

ಬಿಳಿಯದು ಒಂದು ರಾಶಿ, ಬಣ್ಣದ್ದು ಒಂದು, ಟವೆಲು ಮತ್ತು ಒರೆಸುವ ಬಟ್ಟೆಗಳದು ಇನ್ನೊಂದು. ಜೇಬುಗಳನ್ನು ಹೊರಗೆಳೆದು ನೋಡಿ. ಕಲೆಯಾದ ಬಟ್ಟೆಯನ್ನು ಯಾವ ರಾಶಿಗೂ ಸೇರಿಸದೆ ಪಕ್ಕಕ್ಕಿಡಿ. ಇಷ್ಟಕ್ಕೆ ಐದು ನಿಮಿಷ ಸಾಕು.

ಅರಿಶಿನದ ಕಲೆ

ಅರಿಶಿನದ ಬಣ್ಣಕ್ಕೆ ಕರ್ಕ್ಯುಮಿನ್ ಎಂದು ಹೆಸರು. ಅದರ ಮೂರು ಗುಣಗಳನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು, ಕ್ಷಾರ ತಗುಲಿದರೆ ಅದು ಕೆಂಪಾಗುತ್ತದೆ. ಇದು ನಮಗೆ ಹೊಸದೇನಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ ಆರತಿಗೆ ಕುರುದಿ ನೀರು ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಬಟ್ಟೆ ಸೋಪು ಮಾಡುವುದೂ ಸುಣ್ಣ ಮಾಡುವ ಕೆಲಸವನ್ನೇ. ಹಾಗಾಗಿ ಕೆಂಪು ಕಂಡು ಹೆದರಬೇಕಾಗಿಲ್ಲ. ಚೆನ್ನಾಗಿ ಜಾಲಿಸಿ ನಾಲ್ಕು ಹನಿ ನಿಂಬೆರಸ ಬಿಟ್ಟರೆ ಮತ್ತೆ ಹಳದಿಗೆ ತಿರುಗುತ್ತದೆ. ಎರಡನೆಯದು, ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಯ ಎಣ್ಣೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಟ್ಟೆಯೊಳಗೆ ಇಳಿಯುತ್ತದೆ. ಮೂರನೆಯದು, ಅದಕ್ಕೆ ಬಿಸಿಲು ತಡೆಯುವುದಿಲ್ಲ.

ಈಗ ಕ್ರಮ ನೋಡಿ. ಬಟ್ಟೆಯ ಮೇಲೆ ಬಿದ್ದ ಬೇಳೆ, ತರಕಾರಿಯನ್ನು ಚಮಚದ ಅಂಚಿನಿಂದ ಎತ್ತಿ ತೆಗೆಯಿರಿ. ಒರೆಸಬೇಡಿ, ಒರೆಸಿದರೆ ರೂಪಾಯಿ ಅಗಲದ ಕಲೆ ತಟ್ಟೆಯಗಲವಾಗುತ್ತದೆ. ಒಣ ಬಟ್ಟೆಯನ್ನೋ ಕಾಗದದ ಕರವಸ್ತ್ರವನ್ನೋ ಮೇಲೊಂದು ಕೆಳಗೊಂದು ಇಟ್ಟು ಒತ್ತಿ, ಹೀರುವಷ್ಟು ಹೀರಲಿ. ಹೊರಗಿದ್ದಾಗ ಇಷ್ಟು ಮಾಡಿ ಸುಮ್ಮನಾಗಿ, ಉಳಿದದ್ದನ್ನು ಮನೆಯಲ್ಲಿ ಮಾಡಿದರಾಯಿತು.

ಮನೆಗೆ ಬಂದ ಮೇಲೆ, ನೀರು ತಾಗಿಸುವ ಮೊದಲೇ, ಪಾತ್ರೆ ತೊಳೆಯುವ ದ್ರವ ಸೋಪಿನ ಎರಡು ಹನಿಯನ್ನು ಒಣಗಿದ ಕಲೆಯ ಮೇಲೆ ಬಿಡಿ. "ನೀರು ತಾಗಿಸುವ ಮೊದಲೇ" ಎಂಬ ಮಾತು ಇಲ್ಲಿ ಮುಖ್ಯ. ಒದ್ದೆಯಾದ ಬಟ್ಟೆಯ ಮೇಲೆ ಸೋಪು ತೆಳುವಾಗಿ ಹರಿದುಹೋಗುತ್ತದೆ, ಜಿಡ್ಡನ್ನು ಹಿಡಿಯುವುದಿಲ್ಲ. ಬೆರಳಿನ ತುದಿಯಿಂದ ಅಂಚಿನಿಂದ ನಡುವಿನ ಕಡೆಗೆ ಮೆಲ್ಲಗೆ ತಿಕ್ಕಿ ಹತ್ತು ನಿಮಿಷ ಬಿಡಿ. ಆಮೇಲೆ ಬಟ್ಟೆಯನ್ನು ತಿರುವಿ ಹಿಡಿದು, ಕಲೆಯ ಹಿಂಬದಿಯಿಂದ ನಲ್ಲಿಯ ತಣ್ಣೀರು ಬಿಡಿ. ನೀರು ಕೊಳೆಯನ್ನು ಬಂದ ದಾರಿಯಲ್ಲೇ ಹೊರಗೆ ತಳ್ಳಬೇಕು. ಮುಂದಿನಿಂದ ಬಿಟ್ಟರೆ ನೂಲಿನೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ. ಬಳಿಕ ಎಂದಿನಂತೆ ಒಗೆಯಿರಿ.

ಇಷ್ಟಾದರೂ ತಿಳಿಹಳದಿ ನೆರಳೊಂದು ಉಳಿದಿರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಮತ್ತೆ ಸೋಪು ಹಾಕುತ್ತಾರೆ, ಬ್ರಷ್ಷಿನಿಂದ ಕೆರೆಯುತ್ತಾರೆ. ಅದರ ಬದಲು ಬಟ್ಟೆಯನ್ನು ಒದ್ದೆಯಿರುವಾಗಲೇ, ಕಲೆ ಸೂರ್ಯನಿಗೆ ಮುಖ ಮಾಡುವಂತೆ ಬಿಸಿಲಿಗೆ ಹಾಕಿ. ನೇರ ಬಿಸಿಲೇ ಬೇಕು, ಬೆಳಕು ಬರುವ ಕೋಣೆ ಸಾಲದು. ನಮ್ಮ ಕಿಟಕಿಗೆ ಬಿಸಿಲು ಬೀಳುವುದು ಬೆಳಿಗ್ಗೆ ಎರಡೂವರೆ ತಾಸು ಮಾತ್ರ, ಅಷ್ಟರಲ್ಲಿ ಎರಡು ಸಲ ನೀರು ಚಿಮುಕಿಸಿ ಒದ್ದೆ ಮಾಡುತ್ತೇನೆ. ಮೊದಲ ದಿನ ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕಿಳಿಯುತ್ತದೆ, ಎರಡನೆಯ ದಿನ ಕೆನೆಯ ಬಣ್ಣಕ್ಕೆ, ಮೂರನೆಯ ದಿನ ಹುಡುಕಿದರೂ ಸಿಗುವುದಿಲ್ಲ. ಅಲ್ಲಿಯವರೆಗೆ ಆ ಬಟ್ಟೆಗೆ ಇಸ್ತ್ರಿ ತೋರಿಸಬೇಡಿ. ಉಳಿದ ಕಲೆ ಶಾಖಕ್ಕೆ ಕಚ್ಚಿಕೊಂಡರೆ ಬಿಡಿಸುವುದು ಬಹಳ ಕಷ್ಟ.

ಜುಲೈಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಬಿಳಿ ಹತ್ತಿ ಬಟ್ಟೆಯಾದರೆ ಔಷಧದ ಅಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡನ್ನು ಕಲೆಯ ಮೇಲೆ ಹಚ್ಚಿ, ಕಾಲು ಗಂಟೆ ಬಿಟ್ಟು ತೊಳೆಯಿರಿ. ಬೇಕಿದ್ದರೆ ಇನ್ನೊಮ್ಮೆ ಮಾಡಿ. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯ ಮೇಲೆ ಒಂದು ಹನಿ ಹಾಕಿ ಪರೀಕ್ಷಿಸಿದ ಮೇಲೆಯೇ ಮುಂದುವರಿಯಿರಿ. ರೇಷ್ಮೆಯಾದರೆ ಏನನ್ನೂ ಮಾಡಬೇಡಿ. ಡ್ರೈಕ್ಲೀನಿಂಗಿಗೆ ಕೊಡುವಾಗ "ಹುಳಿ ಬಿದ್ದಿದೆ, ಎಣ್ಣೆಯೂ ಇದೆ" ಎಂದು ಬಾಯಿಬಿಟ್ಟು ಹೇಳಿ. ಅದು ಯಾವ ಕಲೆ ಎಂದು ಅವರಿಗೆ ಗೊತ್ತಾಗಬೇಕು.

ಬ್ಲೀಚ್ ಎಂದು ಬಾಟಲಿಯಲ್ಲಿ ಬರುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ನನ್ನ ಮನೆಯ ಕಪಾಟಿನಲ್ಲಿ ಇಲ್ಲ. ರೇಷ್ಮೆ, ಉಣ್ಣೆಯನ್ನು ಅದು ತಿಂದುಹಾಕುತ್ತದೆ, ಜರಿಯನ್ನು ಕಪ್ಪಾಗಿಸುತ್ತದೆ, ಬೆವರಿನ ಹಳದಿಯನ್ನು ಇನ್ನಷ್ಟು ಗಾಢಮಾಡುತ್ತದೆ. ಬಳಸುವವರು ಒಂದು ಮಾತನ್ನು ಮಾತ್ರ ಮರೆಯಬಾರದು. ಅದನ್ನು ವಿನೆಗರ್, ನಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದಿಗೂ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊಮ್ಮುತ್ತದೆ. ನಮ್ಮ ಫ್ಲ್ಯಾಟುಗಳ ಪುಟ್ಟ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಅಪಾಯ.

ಉಳಿದ ಕಲೆಗಳು

ರಕ್ತಕ್ಕೆ ತಣ್ಣೀರು ಮಾತ್ರ. ಬಿಸಿನೀರಿಗೆ ಮೊಟ್ಟೆ ಗಟ್ಟಿಯಾಗುವಂತೆ ರಕ್ತವೂ ನೂಲಿನಲ್ಲಿ ಗಟ್ಟಿಯಾಗುತ್ತದೆ. ಹಾಲು, ಮೊಸರಿಗೂ ಇದೇ ಮಾತು. ಬಾಲ್‌ಪೆನ್ನಿನ ಶಾಯಿಗೆ ಕೈಗೆ ಹಚ್ಚುವ ಸ್ಯಾನಿಟೈಸರ್ ಸಾಕು. ಅಡಿಯಲ್ಲಿ ಹಳೆಯ ಬಟ್ಟೆಯಿಟ್ಟು ಒತ್ತುತ್ತಾ ಹೋದರೆ ಶಾಯಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಹಲಸಿನ ಅಂಟಿಗೆ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು. ಮಳೆಗಾಲದಲ್ಲಿ ಸ್ಟೇಷನ್ನಿನಿಂದ ಮನೆ ಸೇರುವಷ್ಟರಲ್ಲಿ ಪ್ಯಾಂಟಿಗೆ ಸಿಡಿಯುವ ಕೆಸರನ್ನು ಹಸಿಯಾಗಿರುವಾಗ ಮುಟ್ಟಬೇಡಿ. ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಿ, ಉಳಿದದ್ದನ್ನು ಒಗೆಯಿರಿ.

ಮುಂಬಯಿಯ ಮನೆಗಳಿಗೇ ಅಂಟಿದ ಇನ್ನೊಂದು ಕಲೆಯಿದೆ, ಕಿಟಕಿಯ ಗ್ರಿಲ್ಲಿನ ತುಕ್ಕಿನದು. ಕ್ಲಿಪ್ಪುಗಳ ಕಬ್ಬಿಣದ ಸ್ಪ್ರಿಂಗೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆಯಿಡುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಲ್ಲಿಟ್ಟು, ಚೆನ್ನಾಗಿ ಜಾಲಿಸಿದರೆ ಹೋಗುತ್ತದೆ. ಬ್ಲೀಚ್ ತಾಗಿದರೆ ತುಕ್ಕು ಇನ್ನೂ ಗಟ್ಟಿಯಾಗುತ್ತದೆ. ಅಗ್ಗದ ಕ್ಲಿಪ್ಪುಗಳನ್ನು ದಯವಿಟ್ಟು ಕೊಳ್ಳಬೇಡಿ, ಸ್ಟೀಲಿನವನ್ನು ಕೊಳ್ಳಿ. ಮಹಾಲಕ್ಷ್ಮಿ ಸ್ಟೇಷನ್ನಿನ ಪಕ್ಕದ ಸೇತುವೆಯ ಮೇಲೆ ನಿಂತು ಧೋಬಿ ಘಾಟನ್ನು ನೋಡಿದವರಿಗೆ ಗೊತ್ತು, ಅಲ್ಲಿ ಕ್ಲಿಪ್ಪೇ ಇಲ್ಲ. ಹೊಸೆದ ಹಗ್ಗದ ಎಳೆಗಳ ನಡುವೆ ಬಟ್ಟೆಯ ತುದಿಯನ್ನು ಸಿಕ್ಕಿಸುತ್ತಾರೆ, ಗಾಳಿಗೆ ಅದು ಕದಲುವುದಿಲ್ಲ. ಎರಡು ನೈಲಾನ್ ಹಗ್ಗಗಳನ್ನು ಹೊಸೆದು ಬಾಲ್ಕನಿಯಲ್ಲಿ ಬಿಗಿಯಾಗಿ ಕಟ್ಟಿದರೆ ಮನೆಯಲ್ಲೂ ಇದು ಆಗುತ್ತದೆ.

ಒಗೆಯುವಾಗ

ಕಾಲರ್, ತೋಳಿನ ತುದಿಗೆ ಬಾರ್ ಸೋಪು ಹಚ್ಚಿ ಅರ್ಧ ಗಂಟೆ ಬಿಟ್ಟು ಯಂತ್ರಕ್ಕೆ ಹಾಕಿ. ತುಂಬಿಸಿದ ಮೇಲೆ ಬಟ್ಟೆಯ ಮೇಲ್ಗಡೆ ಒಂದು ಮುಷ್ಟಿ ಆಡುವಷ್ಟು ಜಾಗ ಇರಲಿ. ಪುಡಿಯನ್ನು ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹಾಕಬೇಡಿ, ನಾನು ಸ್ವಲ್ಪ ಕಡಿಮೆಯೇ ಹಾಕುತ್ತೇನೆ. ಜಾಲಿಸಿದ ಮೇಲೂ ಉಳಿದ ಪುಡಿ ನೂಲಿನಲ್ಲಿ ಕೂತು ಕೊಳೆಯನ್ನು ಹಿಡಿದಿಡುತ್ತದೆ, ಮಳೆಗಾಲದ ಮುಗ್ಗುವಾಸನೆಗೆ ಅದೂ ಒಂದು ಕಾರಣ. ಕೆರೆಗಳಿಂದ ಬರುವ ಪಾಲಿಕೆಯ ನೀರು ಮೆದು, ಅದರಲ್ಲಿ ಸೋಪು ಸುಲಭವಾಗಿ ನೊರೆಯಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ಹತ್ತಿ ಬಟ್ಟೆಗೆ ಒಂದು ಚಮಚ ಒಗೆಯುವ ಸೋಡಾ ಸೇರಿಸಬಹುದು.

ಪರಿಮಳದ ಮೆದುಗೊಳಿಸುವ ದ್ರವಗಳನ್ನು ಟವೆಲಿಗೆ ಹಾಕಲೇಬೇಡಿ. ನೂಲಿನ ಮೇಲೆ ಪದರ ಕಟ್ಟಿ ಟವೆಲು ನೀರು ಹೀರುವುದನ್ನೇ ನಿಲ್ಲಿಸುತ್ತದೆ. "ಹಚ್ಚಿದ ಕ್ಷಣದಲ್ಲಿ ಕಲೆ ಮಾಯ" ಎನ್ನುವ ಸ್ಪ್ರೇಗಳಿಗೂ ನನ್ನ ಮನೆಯಲ್ಲಿ ಜಾಗವಿಲ್ಲ, ಎಣ್ಣೆಗೂ ರಕ್ತಕ್ಕೂ ತುಕ್ಕಿಗೂ ಒಂದೇ ಮದ್ದು ಇರುವುದು ಸಾಧ್ಯವಿಲ್ಲ.

ಇಳಕಲ್ ಸೀರೆಯ ಕೆಂಪು ಸೆರಗು ಬಣ್ಣ ಬಿಡುತ್ತದೆ ಎಂದು ಠಾಣೆಯ ಗೆಳತಿಯೊಬ್ಬರು ಅದನ್ನು ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದ್ದರು. ಸೆರಗಿನ ಕೆಂಪು ಒಡಲಿಗೆಲ್ಲ ಇಳಿದಿತ್ತು. ಬಣ್ಣ ಅದ್ದುವ ಹೊತ್ತಿನಲ್ಲಿ ಉಪ್ಪಿನಿಂದ ಉಪಯೋಗವುಂಟು, ಅದ್ದಿ ನೇಯ್ದು ಮುಗಿದ ಸೀರೆಗೆ ಅದು ಬಣ್ಣ ನಿಲ್ಲಿಸುವುದಿಲ್ಲ. ಅಂಥ ಸೀರೆಯನ್ನು ಒಂದನ್ನೇ, ತಣ್ಣೀರಿನಲ್ಲಿ, ಅಂಟುವಾಳದ ನೀರಿನಲ್ಲೋ ಮೆದು ದ್ರವ ಸೋಪಿನಲ್ಲೋ ಅದ್ದಿ, ನೆನೆಸದೆ ತೆಗೆದು, ಸೆರಗು ಒಡಲಿಗೆ ತಾಗದಂತೆ ಬಿಚ್ಚಿ ನೆರಳಿನಲ್ಲಿ ಒಣಹಾಕಿ.

ಜೂನ್‌ನಿಂದ ಸೆಪ್ಟೆಂಬರ್

ಮಳೆಗಾಲದ ಮುಂಬಯಿಯಲ್ಲಿ ಒಗೆಯುವುದು ಸುಲಭ, ಒಣಗಿಸುವುದೇ ಕಷ್ಟ. ಬಟ್ಟೆ ಬಹಳ ಹೊತ್ತು ತೇವವಾಗಿಯೇ ಇದ್ದರೆ ಸೂಕ್ಷ್ಮಜೀವಿಗಳು ಬೆಳೆದು ವಾಸನೆ ಹುಟ್ಟುತ್ತದೆ. ಆದ್ದರಿಂದ ಎಲ್ಲ ಶ್ರಮವೂ ಒಣಗುವ ಹೊತ್ತನ್ನು ಕಡಿಮೆ ಮಾಡುವುದಕ್ಕೆ. ಯಂತ್ರ ನಿಂತ ಕೂಡಲೇ ಬಟ್ಟೆ ತೆಗೆಯಿರಿ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ಅಭ್ಯಾಸ ಈ ನಾಲ್ಕು ತಿಂಗಳು ಬೇಡ. ಹಿಂಡುವ ಸುತ್ತನ್ನು ಎರಡು ಸಲ ಓಡಿಸಿ. ದಿನಕ್ಕೆ ಸ್ವಲ್ಪಸ್ವಲ್ಪ ಒಗೆಯಿರಿ. ಭಾನುವಾರಕ್ಕೆ ಗುಡ್ಡೆ ಹಾಕಿದರೆ ಹರವಲು ಜಾಗವಿರುವುದಿಲ್ಲ.

ಒಂದು ಬಟ್ಟೆಗೂ ಇನ್ನೊಂದಕ್ಕೂ ನಾಲ್ಕು ಬೆರಳಿನ ಅಂತರವಿರಲಿ. ಅಂಗಿಗಳನ್ನು ಹ್ಯಾಂಗರಿಗೆ ಹಾಕಿ ಗುಂಡಿ ಬಿಚ್ಚಿಡಿ. ಜೀನ್ಸನ್ನು ಒಳಮಗ್ಗುಲು ತಿರುಗಿಸಿ ಸೊಂಟವನ್ನು ಬಾಯಿ ತೆರೆದಂತೆ ಎರಡು ಕಡೆ ಸಿಕ್ಕಿಸಿ, ಬಟ್ಟೆಯೊಳಗೂ ಗಾಳಿಯಾಡಲಿ. ಫ್ಯಾನು ಹಾಕಿ ಎದುರುಬದುರು ಕಿಟಕಿಗಳನ್ನು ಸ್ವಲ್ಪ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಫ್ಯಾನು ಎಷ್ಟು ತಿರುಗಿದರೂ ಅದೇ ತೇವ ಸುತ್ತುತ್ತಿರುತ್ತದೆ. ವಾಸನೆ ಹತ್ತಿಬಿಟ್ಟ ಟವೆಲನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಕೊನೆಯ ನೀರಿಗೆ ಅರ್ಧ ಬಟ್ಟಲು ಬಿಳಿ ವಿನೆಗರ್ ಹಾಕಿದರೆ ಇನ್ನೂ ಒಳ್ಳೆಯದು. ಅತ್ತರಿನ ದ್ರವ ಸುರಿದರೆ ವಾಸನೆಯ ಮೇಲೆ ವಾಸನೆ ಸೇರುತ್ತದೆ, ಅಷ್ಟೆ.

ಗಂಜಿ ಹಾಕುವವರು ಮಳೆಗಾಲದಲ್ಲಿ ಬಿಡಿ, ಗಂಜಿಯ ಬಟ್ಟೆಗೆ ಬೂಷ್ಟು ಬೇಗ ಬರುತ್ತದೆ. ದೀಪಾವಳಿಯ ಹೊತ್ತಿಗೆ ಮತ್ತೆ ಆರಂಭಿಸಬಹುದು. ನನಗೆ ಅನ್ನ ಬಸಿದ ಗಂಜಿಗಿಂತ ಸಾಬೂದಾಣಿಯ ಗಂಜಿಯೇ ಇಷ್ಟ. ಸೋಸಿದರೆ ಬಿಳಿಯ ಹರಳು ಉಳಿಯುವುದಿಲ್ಲ. ನೀಲಿಯನ್ನು ಬಕೆಟ್ ನೀರಿನಲ್ಲಿ ಪೂರ್ತಿ ಕರಗಿಸಿದ ಮೇಲೆಯೇ ಬಟ್ಟೆ ಅದ್ದಿ, ಇಲ್ಲದಿದ್ದರೆ ಮಚ್ಚೆಮಚ್ಚೆಯಾಗುತ್ತದೆ.

ಇಸ್ತ್ರಿ

ಬಟ್ಟೆಯ ಪಟ್ಟಿಯಲ್ಲಿರುವ ಇಸ್ತ್ರಿಯ ಚಿತ್ರದೊಳಗೆ ಒಂದು ಚುಕ್ಕೆಯಿದ್ದರೆ 110 ಡಿಗ್ರಿ, ಎರಡಿದ್ದರೆ 150, ಮೂರಿದ್ದರೆ 200, ಅದಕ್ಕಿಂತ ಬಿಸಿ ಬೇಡ. ಕಡಿಮೆ ಬಿಸಿಯ ಬಟ್ಟೆಗಳಿಂದ ಆರಂಭಿಸಿ ಹತ್ತಿಯನ್ನು ಕೊನೆಗಿಡಿ. ಬಿಸಿಯಾದ ಇಸ್ತ್ರಿ ತಣಿಯುವುದನ್ನು ಕಾಯುವ ತಾಳ್ಮೆಯಿಲ್ಲದೆಯೇ ಎಷ್ಟೋ ಪಾಲಿಯೆಸ್ಟರ್ ಅಂಗಿಗಳು ಕರಗಿವೆ.

ಹತ್ತಿಗೆ ಸ್ವಲ್ಪ ಪಸೆಯಿರುವಾಗಲೇ ಇಸ್ತ್ರಿ ಹಾಕಿ. ಪೂರ್ತಿ ಒಣಗಿದ್ದರೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಹತ್ತು ನಿಮಿಷ ಬಿಡಿ, ತೇವ ಸಮವಾಗಿ ಹರಡುತ್ತದೆ. ಅಂಗಿಗೆ ಮೊದಲು ಕಾಲರ್. ಅದರ ಎರಡೂ ತುದಿಗಳಿಂದ ನಡುವಿನ ಕಡೆಗೆ ಬನ್ನಿ. ನಡುವಿನಿಂದ ತುದಿಗೆ ಹೋದರೆ ಮೂಲೆಯಲ್ಲಿ ಸುಕ್ಕು ಗುಂಪಾಗಿ ನಿಲ್ಲುತ್ತದೆ, ಎಲ್ಲರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ. ಆಮೇಲೆ ಹೆಗಲು, ತೋಳಿನ ತುದಿ, ತೋಳು, ಕೊನೆಗೆ ಎದೆ ಮತ್ತು ಬೆನ್ನು. ಕಪ್ಪು ಬಟ್ಟೆಯನ್ನು ಒಳಮಗ್ಗುಲಿನಿಂದ ಹಾಕಿ, ಹೊಳಪಿನ ಗೆರೆ ಬೀಳುವುದಿಲ್ಲ. ರೇಷ್ಮೆಗೆ ನೀರು ಚಿಮುಕಿಸಬೇಡಿ, ಹನಿ ಬಿದ್ದಲ್ಲಿ ಗುರುತು ಉಳಿಯುತ್ತದೆ. ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ ಹಗುರವಾಗಿ ಒತ್ತಿ.

ಕೆಳಗಿನ ಇಸ್ತ್ರಿಯವನಿಗೆ ಕೊಡುವವರು ಜರಿಯ, ರೇಷ್ಮೆಯ ಬಟ್ಟೆಗಳನ್ನು ಮನೆಯಲ್ಲೇ ಉಳಿಸಿಕೊಳ್ಳಿ. ಇದ್ದಲಿನ ಇಸ್ತ್ರಿಯಲ್ಲಿ ಹತ್ತಿಯ ಗೆರೆ ನಿಲ್ಲುವ ಹಾಗೆ ಬೇರೆ ಯಾವುದರಲ್ಲೂ ನಿಲ್ಲುವುದಿಲ್ಲ, ಆದರೆ ಒಂದು ಕಿಡಿ ಹಾರಿದರೆ ರೇಷ್ಮೆಗೆ ತೂತು.

ಇಸ್ತ್ರಿಯಾದ ಬಟ್ಟೆಯನ್ನು ಬಿಸಿಯಿರುವಾಗಲೇ ಕಪಾಟಿಗೆ ಸೇರಿಸಬೇಡಿ. ಅರ್ಧ ಗಂಟೆ ಹ್ಯಾಂಗರಿನಲ್ಲಿ ತೂಗುಹಾಕಿ. ಮಡಿಕೆಯೊಳಗೆ ಉಳಿದ ಆವಿ ಹೊರಗೆ ಹೋಗಬೇಕು, ಕೈಯಿಟ್ಟು ನೋಡಿದರೆ ಬಟ್ಟೆ ತಣ್ಣಗೆ ಒಣಗಿರಬೇಕು. ಆಮೇಲೆ ಒಳಗಿಡಿ.