ಚಿಂಚೋಳಿ ಕಾಡುದಾರಿಗೆ ಜೀಪು ಇಳಿಸುವ ಮುನ್ನ ಮಣ್ಣು ನೋಡಿ

ಕಲಬುರಗಿ ಅಂದ್ರೆ ಬಿಸಿಲು, ತೊಗರಿ, ಬಟ್ಟಬಯಲು ಅಂದುಕೊಂಡವರು ಚಿಂಚೋಳಿ ದಾಟಿ ಕೊಂಚಾವರಂ ಕಡೆ ಹೋಗಿ ನೋಡಬೇಕು. ಗುಡ್ಡ, ಕಾಡು, ಹಳ್ಳ, ನಡುನಡುವೆ ತಾಂಡಾಗಳು. 2011ರಿಂದ ಇದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ, ಅವರು ಬಿಡುವ ದಾರಿಯಲ್ಲಷ್ಟೇ ಹೋಗಿ.

ಇನ್ನು ಮಣ್ಣು. ಕೆಂಪು ಗರಸು ಮಳೆ ಬಂದರೂ ನೀರು ಇಳಿಸಿಕೊಂಡು ಗಟ್ಟಿಯಾಗೇ ಇರುತ್ತದೆ. ಎರೆ ಮಣ್ಣು ಹಾಗಲ್ಲ. ನೀರು ಕುಡಿದು ಉಬ್ಬುತ್ತದೆ, ಟೈರಿನ ಕಚ್ಚುಗಳಲ್ಲಿ ಮೆತ್ತಿಕೊಂಡು ಚಕ್ರವನ್ನೇ ಬೋಳು ಮಾಡುತ್ತದೆ. ಆಮೇಲೆ ಫೋರ್ ವೀಲ್ (ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವ ವ್ಯವಸ್ಥೆ) ಹಾಕಿದರೆ ನಾಲ್ಕೂ ಚಕ್ರ ಒಟ್ಟಿಗೆ ಜಾರುತ್ತವೆ, ಅಷ್ಟೇ! ಒಂದು ಮಳೆಗಾಲ ನಾನು ಹಟಕ್ಕೆ ಬಿದ್ದು ಆಕ್ಸಿಲರೇಟರ್ ಒತ್ತಿದ್ದೇ ಒತ್ತಿದ್ದು. ಗಾಡಿ ಆಕ್ಸಲ್ ತನಕ ಹೂತಿತು. ತಾಂಡಾದಿಂದ ಟ್ರ್ಯಾಕ್ಟರ್ ತಂದು ಎಳೆದವರು, ‘ಸುಮ್ನೆ ಎರಡು ದಿನ ಬಿಸಿಲು ಬೀಳಾಕ ಬಿಡಬೇಕಿತ್ತರಿ’ ಎಂದು ನಕ್ಕರು. ಈಗ ಹಾಗೇ ಮಾಡುತ್ತೇನೆ.

ಡಾಂಬರು ಮುಗಿದ ಮೇಲೆ ಫೋರ್ ಹೈ, ಅಂದ್ರೆ ಮಾಮೂಲಿ ವೇಗದ ಫೋರ್ ವೀಲ್, ಹಾಕಿ, ಜಾರುವ ತನಕ ಕಾಯಬೇಡಿ. ಒಣ ಡಾಂಬರಿನಲ್ಲಿ ಮಾತ್ರ ಬೇಡ. ತಿರುವಿನಲ್ಲಿ ಗೇರುಗಳು ಬಿಗಿದುಕೊಳ್ಳುತ್ತವೆ. ಟೈರಿನ ಗಾಳಿ 32 ಪಿಎಸ್‌ಐ ಇದ್ದರೆ 24ರ ಆಸುಪಾಸಿಗೆ ಇಳಿಸಿ. ವಾಪಸ್ ತುಂಬಲು ಪಂಪ್ ಜೊತೆಗಿರಲಿ.

ಕಡಿದಾದ ಇಳಿಜಾರಿನ ಮುಂದೆ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಫೋರ್ ಲೋ, ಅಂದ್ರೆ ವೇಗ ಕಡಿಮೆ, ಎಳೆತ ಹೆಚ್ಚಿರುವ ಫೋರ್ ವೀಲ್, ಹಾಕಿ. ಮೊದಲ ಗೇರು. ಕ್ಲಚ್‌ನಿಂದ ಕಾಲು ತೆಗೆಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಹೆದರಿ ಬ್ರೇಕ್ ತುಳಿದರೆ ಚಕ್ರ ಲಾಕ್ ಆಗಿ ಜಾರುತ್ತದೆ.

ಹಳ್ಳ ಬಂದರೆ ಇಳಿದು, ಕೋಲು ಊರುತ್ತಾ ನಡೆದು ನೋಡಿ. ಮೊಣಕಾಲು ದಾಟಿದರೆ, ಅಥವಾ ಸೆಳವು ಕಾಲನ್ನು ಎಳೆದರೆ, ವಾಪಸ್. ಇಲ್ಲದಿದ್ದರೆ ಒಂದೇ ವೇಗದಲ್ಲಿ, ನಡುವೆ ಗೇರು ಬದಲಿಸದೆ ದಾಟಿ. ಆಚೆ ದಡದಲ್ಲಿ ಬ್ರೇಕ್ ಎರಡು ಸಲ ಮೆಲ್ಲಗೆ ಒತ್ತಿದರೆ ನೀರು ಆರುತ್ತದೆ.

ಹೂತೇ ಹೋಯಿತಾ? ಆಕ್ಸಿಲರೇಟರ್ ಬಿಡಿ. ಸಲಿಕೆಯಿಂದ ಚಕ್ರದ ಮುಂದಿನ ಮಣ್ಣು ತೆಗೆಯಿರಿ. ಕೊಂಬೆ ಕಡಿಯಲು ಹೋಗಬೇಡಿ, ಇದು ಧಾಮ. ನನ್ನ ಸೀಟಿನ ಕೆಳಗೆ ತೊಗರಿ ತುಂಬುವ ನಾಲ್ಕು ಗೋಣಿಚೀಲ ಇದ್ದೇ ಇರುತ್ತವೆ. ಅವನ್ನು ಟೈರಿನಡಿ ತುರುಕಿ, ಫೋರ್ ಲೋನಲ್ಲಿ ನಿಧಾನಕ್ಕೆ ಹೊರಡುವುದು. ಆಗ ಗಾಡಿ ಹಿಂದೆ ಯಾರೂ ನಿಲ್ಲಬಾರದು. ಚೀಲ ಹಾರಿ ಬಂದು ಮುಖಕ್ಕೇ ಬಡಿಯುತ್ತದೆ, ಕೆಸರಿನ ಸಮೇತ.