ಜಿಪ್ಸಿಯ ಮುಂದಿನ ಆಕ್ಸೆಲ್ ಜಾಯಿಂಟ್: ಗಟ್ಟಿಯದು ಹಾಕಿಸಬೇಕಾ, ಬೇಡ್ವಾ?

ಮುಂದಿನ ಆಕ್ಸೆಲ್ ಜಾಯಿಂಟ್ ಗಟ್ಟಿಯದು ಹಾಕಿಸಬೇಕಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಮುಂದೆ ಲಾಕರ್, ಅಂದರೆ ಎಡ ಬಲ ಚಕ್ರ ಎರಡೂ ಒಟ್ಟಿಗೇ ತಿರುಗುವ ಹಾಗೆ ಬಿಗಿಯುವ ಸಾಧನ, ಇದೆಯಾ? ಇಲ್ಲ ಅಂದರೆ ಮುಕ್ಕಾಲು ಮಾತು ಅಲ್ಲಿಗೇ ಮುಗಿಯಿತು. ಉಳಿದ ಕಾಲು ಭಾಗಕ್ಕೆ ನಾನು ಸಾಕಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಕೆಎ-17 ನಂಬರಿನ ಹಳೆಯ ಮಾರುತಿ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್ ಎಂಜಿನ್. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಹೌಸಿಂಗ್, ಎಲೆ ಪಟ್ಟಾ. ದಾವಣಗೆರೆಯಿಂದ ನಮ್ಮ ಗುಂಪು ಹೋಗುವುದು ಎರಡು ತರದ ಜಾಗಕ್ಕೆ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿ, ಚನ್ನಗಿರಿ ಕಡೆ ಅಡಿಕೆ ತೋಟದ ಹಾದಿ. ಬೇಸಿಗೆಯಲ್ಲಿ ಚಿತ್ರದುರ್ಗದ ಕಡೆ ಬಂಡೆ. ಜೋಗಿಮಟ್ಟಿ ಕಾಡಿಗೆ ಗಾಡಿ ನುಗ್ಗಿಸುವವರಲ್ಲ ನಾವು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳಲ್ಕೆರೆ ರಸ್ತೆಯ ಕಡೆ ಪರಿಚಯದವರ ಜಮೀನಿದೆ, ಅರ್ಧ ಹೊಲ, ಅರ್ಧ ಬರೀ ಕಲ್ಲುಗುಡ್ಡ. ಅವರನ್ನು ಕೇಳಿಕೊಂಡು ಅಲ್ಲಿ ಆಡುತ್ತೇವೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಫೋರ್ ಬೈ ಫೋರ್ ಗಾಡಿಯಲ್ಲಿ ಮುಂದಿನ ಚಕ್ರ ತಿರುಗಿಸಲೂ ಬೇಕು, ಅದಕ್ಕೆ ಎಂಜಿನ್ ಶಕ್ತಿಯೂ ಹೋಗಬೇಕು. ಹಾಗಾಗಿ ಶಾಫ್ಟ್ ತುದಿಯಲ್ಲಿ ಒಂದು ಜಾಯಿಂಟ್ ಇರುತ್ತದೆ. ಹಳೆಯ ಜೀಪುಗಳಲ್ಲಿ ಹೆಚ್ಚಾಗಿ ಕ್ರಾಸ್ ಇರುತ್ತದೆ, ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಇರುತ್ತದಲ್ಲ, ಅದೇ ತರದ್ದು. ಜಿಪ್ಸಿಯಲ್ಲಿ ಇರುವುದು ಬರ್ಫೀಲ್ಡ್ ಜಾಯಿಂಟ್. ಗಂಟೆಯಂಥ ಒಂದು ಬಟ್ಟಲು, ಒಳಗೆ ಆರು ಬಾಲ್, ಬಾಲ್‌ಗಳನ್ನು ಹಿಡಿದಿಡುವ ಒಂದು ಕೇಜ್. ಫೋರ್ಡ್ ಕಂಪನಿಯಲ್ಲಿದ್ದ ಆಲ್ಫ್ರೆಡ್ ರ್‍ಝೆಪ್ಪಾ ಅನ್ನುವ ಎಂಜಿನಿಯರ್ 1920ರ ದಶಕದಲ್ಲಿ ಮಾಡಿದ ವಿನ್ಯಾಸ, ಇವತ್ತಿನ ಕಾರುಗಳಲ್ಲೂ ಮೂಲ ಅದೇ. ಕ್ರಾಸ್‌ಗೆ ಒಂದು ತೊಂದರೆ ಇದೆ, ಚಕ್ರ ತಿರುಗಿಸಿದಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿಳಿಯುತ್ತದೆ. ಬರ್ಫೀಲ್ಡ್‌ನಲ್ಲಿ ಅದಿಲ್ಲ. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಅಂದರೆ ಫುಲ್ ಲಾಕ್‌ನಲ್ಲಿ ಬಾಲ್‌ಗಳು ಬಟ್ಟಲಿನ ಅಂಚಿಗೆ ಬಂದು ಕೂರುತ್ತವೆ, ಕೇಜ್ ಮೇಲೆ ಒತ್ತಡ ಏರುತ್ತದೆ. ನೆಟ್ಟಗಿರುವಾಗ ಆರಾಮಾಗಿ ಹೊರುವ ಭಾರವೇ ಆಗ ಅದನ್ನು ಮುರಿಯಬಹುದು.

ನನಗೆ ಈ ಯೋಚನೆ ಬಂದದ್ದು ಸದ್ದಿನಿಂದ. ಎಡಕ್ಕೆ ಪೂರ್ತಿ ಕಟ್ ಮಾಡಿ ಲೋ ಗೇರಿನಲ್ಲಿ ಹತ್ತಿಸುವಾಗ ಕಟ್ ಕಟ್ ಅಂತ ಶುರುವಾಯಿತು. ಜೊತೆಗೆ ಎಡಚಕ್ರದ ಒಳಬದಿಗೆ ಕಪ್ಪು ಎಣ್ಣೆ ಸಿಡಿದಿತ್ತು. ಗುಂಪಿನಲ್ಲೊಬ್ಬ ಆಗಲೇ ಹೊರದೇಶದಿಂದ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಗಟ್ಟಿ ಉಕ್ಕು) ಸೆಟ್ ತರಿಸುವ ಯೋಚನೆಯಲ್ಲಿದ್ದ. "ಅಣ್ಣಾ, ಇಬ್ಬರೂ ಒಟ್ಟಿಗೆ ತರಿಸಿಬಿಡೋಣ, ಸಾಗಾಣಿಕೆ ಖರ್ಚು ಹಂಚಿಕೊಳ್ಳಬಹುದು" ಅಂದ. ನಾನು ಮೊದಲು ಬಿಚ್ಚಿ ನೋಡೋಣ ಅಂದೆ.

ಬಿಚ್ಚಿದಾಗ ನಕಲ್ (ಜಾಯಿಂಟನ್ನು ಸುತ್ತುವರಿದ, ಚಕ್ರದ ಜೊತೆ ತಿರುಗುವ ಕವಚ) ಒಳಗೆ ಗ್ರೀಸ್ ಇರಲಿಲ್ಲ, ಕಪ್ಪು ಸಾರು ಇತ್ತು. ಹೌಸಿಂಗ್ ಒಳಗಿನ ಆಯಿಲ್ ಸೀಲ್ ಹೋಗಿ, ಎಂಜಿನ್ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಗೇರ್ ಆಯಿಲ್ ಹರಿದು ಬಂದು ಗ್ರೀಸನ್ನು ಕರಗಿಸಿತ್ತು. ಅದರ ಜೊತೆ ಹೊರಗಿನ ಸೀಲ್ ಕಡೆಯಿಂದ ನೀರು, ಎರೆಮಣ್ಣು. ಬಾಲ್ ಓಡುವ ಹಾದಿಯಲ್ಲಿ ಬೆರಳಾಡಿಸಿದರೆ ಗುಂಡಿ ಸಿಗುತ್ತಿತ್ತು. ಮೇಸ್ತ್ರಿ ನೋಡಿ, "ಸರ್, ಇದು ಶಕ್ತಿ ಸಾಲದೆ ಹೋಗಿದ್ದಲ್ಲ, ಗ್ರೀಸ್ ಸಾಲದೆ ಹೋಗಿದ್ದು. ಎಂಥ ಜಾಯಿಂಟ್ ಹಾಕಿದರೂ ಈ ಸೀಲ್ ಇದ್ದರೆ ಇದೇ ಕಥೆ" ಅಂದರು. ನನ್ನ ತೀರ್ಮಾನದ ಅರ್ಧ ಭಾಗ ಅವರ ಈ ಮಾತಿನಲ್ಲೇ ಆಗಿಹೋಯಿತು ಅನ್ನಬಹುದು. ಆದರೂ ಹೊಸ ಜಾಯಿಂಟ್ ಹೇಗೂ ಬೇಕಿತ್ತು. ಮಾಮೂಲಿಯದಾ, ಗಟ್ಟಿಯದಾ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಕಾಗದ ತಗೊಂಡು ಕೂತೆ. ಎಂಜಿನ್ನಿನ ಟಾರ್ಕ್ (ತಿರುಚುವ ಶಕ್ತಿ) 103 ನ್ಯೂಟನ್ ಮೀಟರ್. ಫಸ್ಟ್ ಗೇರು, ಲೋ, ಡಿಫರೆನ್ಷಿಯಲ್ ಎಲ್ಲ ಗುಣಿಸಿದರೆ ಸುಮಾರು 30 ಪಟ್ಟು. ಅಂದರೆ ಲೆಕ್ಕದಲ್ಲಿ 3,100ರ ಹತ್ತಿರ. ಈ ಅಂಕಿ ನೋಡಿದ ಯಾರಿಗಾದರೂ ಭಯ ಆಗುತ್ತದೆ, ಆದರೆ ಅಷ್ಟೂ ಜಾಯಿಂಟ್ ಮೇಲೆ ಬರುವುದಿಲ್ಲ. ಚಕ್ರ ನೆಲವನ್ನು ಎಷ್ಟು ಹಿಡಿದುಕೊಳ್ಳುತ್ತದೋ ಅಷ್ಟೇ ಟಾರ್ಕ್ ಜಾಯಿಂಟ್ ಮೂಲಕ ಹೋಗಲು ಸಾಧ್ಯ, ಅದಕ್ಕಿಂತ ಹೆಚ್ಚು ಕೊಟ್ಟರೆ ಚಕ್ರ ಜಾರುತ್ತದೆ. ಸಾಮಾನು, ಇಬ್ಬರು ಜನ ಸೇರಿ ಮುಂದಿನ ಒಂದೊಂದು ಚಕ್ರದ ಮೇಲೆ 300 ಕೆಜಿ ಅಂದುಕೊಳ್ಳಿ. ಒಣ ಬಂಡೆಯ ಮೇಲೆ ಹಿಡಿತ ಆ ಭಾರದ ಶೇ. 80 ಅಂತ ಹಿಡಿಯಿರಿ. ಕಂಪನಿಯ 205/70 ಆರ್ 15 ಟೈರಿನ ಎತ್ತರ 26 ಇಂಚಿನ ಮೇಲೆ ಸ್ವಲ್ಪ. ಅದರಲ್ಲಿ ಒಂದು ಜಾಯಿಂಟ್‌ಗೆ ಬರುವುದು 790ರ ಆಸುಪಾಸು. ನನ್ನ 235/75 ಟೈರು ಹತ್ತಿರ ಹತ್ತಿರ 29 ಇಂಚು, ಅದಕ್ಕೆ 860. ಟೈರ್ ದೊಡ್ಡದಾಗಿದ್ದಕ್ಕೆ ಒಂದು ಹತ್ತು ಪರ್ಸೆಂಟ್ ಜಾಸ್ತಿ, ಅಷ್ಟೇ. ಎರೆಮಣ್ಣಿನಲ್ಲಂತೂ ಈ ಹಿಡಿತ ಅರ್ಧವೂ ಇರುವುದಿಲ್ಲ.

ಈಗ ಲಾಕರ್ ವಿಷಯ. ಮಾಮೂಲಿ ಓಪನ್ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಟಾರ್ಕ್ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದಕ್ಕೆ ಬೇಕಾಗುವುದು ಸೊನ್ನೆಯ ಹತ್ತಿರ, ಇನ್ನೊಂದಕ್ಕೂ ಅಷ್ಟೇ ಸಿಗುವುದು. ಗಾಡಿ ಮುಂದೆ ಹೋಗಲ್ಲ, ಬೈದುಕೊಳ್ಳುತ್ತೇವೆ, ಆದರೆ ಜಾಯಿಂಟ್ ಮಾತ್ರ ಬದುಕುತ್ತದೆ. ಲಾಕರ್ ಹಾಕಿದರೆ ನೆಲದ ಮೇಲಿರುವ ಒಂದೇ ಚಕ್ರಕ್ಕೆ ಪೂರ್ತಿ ಹೋಗುತ್ತದೆ. ಬಂಡೆಯ ಮೇಲೆ ಓರೆಯಾಗಿ ನಿಂತು ಆ ಚಕ್ರದ ಮೇಲೆ 500 ಕೆಜಿ ಕೂತಿದ್ದರೆ ನನ್ನ ಟೈರಿನಲ್ಲಿ 1,430, 31 ಇಂಚಿನ ಟೈರಿದ್ದರೆ 1,540. ಮೊದಲಿನ 860ರ ಒಂದೂ ಮುಕ್ಕಾಲು ಪಟ್ಟಿನ ಆಸುಪಾಸು! ಅದೂ ಸ್ಟೀರಿಂಗ್ ಪೂರ್ತಿ ತಿರುಗಿರುವಾಗ ಬಂದರೆ ಮಾಮೂಲಿ ಬರ್ಫೀಲ್ಡ್ ಉಳಿಯುತ್ತದೆ ಅಂತ ನಾನು ಭರವಸೆ ಕೊಡಲಾರೆ.

ಈ ಲೆಕ್ಕ ಕೈಕೊಡುವ ಸಂದರ್ಭಗಳೂ ಇವೆ. ಚಕ್ರ ಎರಡು ಕಲ್ಲಿನ ಮಧ್ಯೆ ಸಿಕ್ಕಿಕೊಂಡರೆ ಜಾರಲು ಜಾಗವೇ ಇಲ್ಲ, ಆಗ ಹಿಡಿತದ ಮಿತಿ ಅನ್ನುವುದು ಇರುವುದಿಲ್ಲ, ಎಂಜಿನ್ ಕೊಟ್ಟದ್ದೆಲ್ಲ ಶಾಫ್ಟ್ ಮೇಲೇ. ಇನ್ನೊಂದು, ಗರಗರ ತಿರುಗುತ್ತಿರುವ ಚಕ್ರ ತಟ್ಟನೆ ಕಲ್ಲು ಹಿಡಿಯುವುದು. ಎರೆಮಣ್ಣಿನಲ್ಲಿ ಜನ ಆಕ್ಸಿಲರೇಟರ್ ಒತ್ತಿ ಹಿಡಿದಿರುತ್ತಾರೆ, ಕೆಸರಿನ ಕೆಳಗೆ ಕಲ್ಲೊಂದು ಸಿಕ್ಕರೆ ಆ ವೇಗವೆಲ್ಲ ಒಂದೇ ಏಟಿಗೆ ಜಾಯಿಂಟ್ ಮೇಲೆ ಬೀಳುತ್ತದೆ. ಮೂರನೆಯದು ರಿವರ್ಸ್. ಏರಿಗೆ ಹಿಂದಕ್ಕೆ ಹೋಗುವಾಗ ಮೂತಿ ಕೆಳಗಿರುತ್ತದೆ, ಭಾರವೆಲ್ಲ ಮುಂದಿನ ಆಕ್ಸೆಲ್ ಮೇಲೆ, ಅದರಲ್ಲಿ ಸ್ಟೀರಿಂಗ್ ಪೂರ್ತಿ ಕಟ್ ಮಾಡಿರುತ್ತೇವೆ. ಬರ್ಫೀಲ್ಡ್ ಮುರಿಯಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಈ ಮೂರಕ್ಕೂ ಔಷಧಿ ಕಾಲಿನಲ್ಲಿದೆ, ಕಬ್ಬಿಣದಲ್ಲಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಗುಂಪಿನಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ.

ಇನ್ನೊಂದು ಮಾತು ನನ್ನನ್ನು ಜಾಸ್ತಿ ಕಾಡಿತು. ಜಾಯಿಂಟ್ ಗಟ್ಟಿ ಆದರೆ ಮುಂದೆ ಮುರಿಯುವುದು ಯಾವುದು? ಈಗ ಅದು ಮನೆಯ ಫ್ಯೂಸ್ ಇದ್ದ ಹಾಗೆ. ಅದನ್ನು ಗಟ್ಟಿ ಮಾಡಿದರೆ ಏಟು ಒಳಗಿನ ಶಾಫ್ಟ್‌ಗೆ ಹೋಗುತ್ತದೆ, ಶಾಫ್ಟ್ ಕೂಡ ಕ್ರೋಮೋಲಿ ಮಾಡಿಸಿದರೆ ಡಿಫರೆನ್ಷಿಯಲ್ ಒಳಗಿನ ಮುಖ್ಯ ಹಲ್ಲುಚಕ್ರದ ಜೋಡಿಯಾದ ಕ್ರೌನ್ ಪಿನಿಯನ್‌ಗೆ. ಜಾಯಿಂಟ್ ಹೋದರೆ ಚಕ್ರ ಬಿಚ್ಚಿ ಗುಡ್ಡದಲ್ಲೇ ಬದಲಾಯಿಸಬಹುದು. ಕ್ರೌನ್ ಹಲ್ಲು ಹಾರಿದರೆ ಡಿಫರೆನ್ಷಿಯಲ್ ಇಳಿಸಬೇಕು, ಚೂರುಗಳು ಬೇರಿಂಗ್ ತಿಂದಿರುತ್ತವೆ, ಮತ್ತೆ ಕೂರಿಸಿ ಹಲ್ಲಿನ ಹೊಂದಾಣಿಕೆ ಸರಿ ಮಾಡುವವರು ನಮ್ಮೂರಲ್ಲಿ ಕಡಿಮೆ. ಸಾಮಾನ್ಯ ಗ್ರಾಹಕರಿಗೆ ಜಿಪ್ಸಿ ಮಾರುವುದು 2019ರಲ್ಲಿ ನಿಂತಿತು. ಮಾಮೂಲಿ ಜಾಯಿಂಟ್ ಇನ್ನೂ ಸಿಗುತ್ತದೆ, ಅಂಗಡಿಯಲ್ಲಿ ಇಲ್ಲದಿದ್ದರೆ ಬೆಂಗಳೂರು ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ಒಳ್ಳೆಯ ಕ್ರೌನ್ ಪಿನಿಯನ್ ಸೆಟ್‌ಗೆ ಈಗಲೇ ಅಲೆದಾಟ.

ಲೇತ್‌ನವರ ಸಲಹೆಯನ್ನೂ ಹೇಳಬೇಕು. ಇಎನ್ 24 ಉಕ್ಕಿನಲ್ಲಿ ಶಾಫ್ಟ್ ಮಾಡಿಕೊಡುತ್ತೇನೆ ಅಂತ ಒಬ್ಬರು ಹೇಳಿದರು. ಉಕ್ಕು ಒಳ್ಳೆಯದೇ, ಹೊರದೇಶದವರು 4340 ಕ್ರೋಮೋಲಿ ಅನ್ನುವುದಕ್ಕೆ ಅದು ಸರಿಸುಮಾರು ಸಮ. ಆದರೆ ಕಾಯಿಸಿ ಹದ ಮಾಡುವುದು ಸರಿಯಾಗದಿದ್ದರೆ ಉಕ್ಕಿನ ಹೆಸರು ಕಟ್ಟಿಕೊಂಡು ಏನು ಮಾಡುವುದು? ಅದೂ ಶಾಫ್ಟ್ ಮಾತ್ರ. ಜಾಯಿಂಟಿನ ಬಾಲ್ ಹಾದಿಯನ್ನು ಗಡಸು ಮಾಡಿದ ಮೇಲೆ ಗ್ರೈಂಡ್ ಮಾಡಬೇಕು, ಅದು ಸಾದಾ ಲೇತ್‌ನಲ್ಲಿ ಆಗುವ ಕೆಲಸವಲ್ಲ. ಶಾಫ್ಟ್ ಗಟ್ಟಿ ಮಾಡಿಸಿ ಜಾಯಿಂಟ್ ಮಾಮೂಲಿ ಇಟ್ಟರೆ ಸಿಕ್ಕಿದ್ದೇನು? ಅವರಿಗೆ ಬೇಡ ಅಂದೆ.

ಕೊನೆಗೆ ಎರಡೂ ಕಡೆ ಕಂಪನಿಯ ಮಾಮೂಲಿ ಜಾಯಿಂಟೇ ಹಾಕಿಸಿದೆ. ಉಳಿದ ದುಡ್ಡು ಸುತ್ತಲಿನ ಕೆಲಸಕ್ಕೆ ಹೋಯಿತು. ಒಳಗಿನ ಹೊರಗಿನ ಸೀಲ್‌ಗಳೆಲ್ಲ ಹೊಸದು. ನಕಲ್ ತಿರುಗುವ ಕಿಂಗ್ ಪಿನ್ ಬೇರಿಂಗ್ ಹೊಸದು, ಶಿಮ್ (ತೆಳು ತಗಡು) ಹಾಕಿ ನಕಲ್ ಎಷ್ಟು ಬಿಗಿಯಿದೆ ಅಂತ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ನೋಡಿದೆವು. ಬೇರಿಂಗ್ ಸಡಿಲ ಇದ್ದರೆ ನಕಲ್ ಅಲ್ಲಾಡುತ್ತದೆ, ಸೀಲ್ ಮತ್ತೆ ಬಾಯಿ ಬಿಡುತ್ತದೆ. ಗ್ರೀಸ್ ಮಾಲಿಬ್ಡಿನಂ ಇರುವುದು, ಮೊದಲು ಜಾಯಿಂಟ್ ಒಳಗೇ ಬೆರಳಿನಿಂದ ಒತ್ತಿ ತುಂಬಿ ಆಮೇಲೆ ನಕಲ್‌ಗೆ. ಸ್ಟೀರಿಂಗ್ ಸ್ಟಾಪರ್ ಬೋಲ್ಟನ್ನು ಸ್ವಲ್ಪ ಹೊರಗೆ ತಂದೆವು, ಫುಲ್ ಲಾಕ್ ಕೋನ ಒಂಚೂರು ಕಡಿಮೆ ಆಯಿತು. ಇದರಿಂದ ಪಿ.ಜೆ. ಬಡಾವಣೆಯ ಓಣಿಗಳಲ್ಲಿ ಯು ಟರ್ನ್ ಕಷ್ಟ, ನಿಜ. ಒಂದು ಸಲ ಜಾಸ್ತಿ ಹಿಂದೆ ಮುಂದೆ ಮಾಡುತ್ತೇನೆ, ಹಿಂದಿನ ಆಟೋದವನು ಹಾರ್ನ್ ಹೊಡೆಯುತ್ತಾನೆ.

ಲಾಕರ್ ಹಾಕಿಸುವುದಾದರೆ ಹಿಂದಕ್ಕೆ ಮೊದಲು ಅಂತ ಇಟ್ಟುಕೊಂಡಿದ್ದೇನೆ. ಹತ್ತುವಾಗ ಭಾರ ಹೇಗೂ ಹಿಂದಕ್ಕೆ ಹೋಗುತ್ತದೆ, ಹಿಂದಿನ ಶಾಫ್ಟ್‌ನಲ್ಲಿ ತಿರುಗುವ ಜಾಯಿಂಟೂ ಇಲ್ಲ. ಹಿಂದಿನಿಂದ ತಳ್ಳು ಸಿಕ್ಕರೆ ಮುಂದಿನದರ ಮೇಲಿನ ಒತ್ತಡ ತಾನಾಗಿ ಇಳಿಯುತ್ತದೆ.

ಕ್ರೋಮೋಲಿ ಬೇಕು ಅಂದ ಗೆಳೆಯನಿಗೆ ತರಿಸು ಅಂತಲೇ ಹೇಳಿದೆ. ಅವನ ಗಾಡಿ ಬೇರೆ. ಮುಂದೆ ಲಾಕರ್ ಇದೆ, 31 ಇಂಚಿನ ಟೈರು, ಟ್ರಾನ್ಸ್‌ಫರ್ ಕೇಸಿಗೆ (ಹೈ, ಲೋ ಬದಲಿಸುವ ಗೇರ್ ಪೆಟ್ಟಿಗೆ) 4.16ರ ಲೋ ಗೇರ್ ಸೆಟ್ ಹಾಕುವ ಆಸೆ. ಜಿಪ್ಸಿಯ ಹೊರದೇಶದ ಸೋದರ ಗಾಡಿಯಾದ ಹಳೆಯ 1.3 ಸುಜುಕಿ ಸಮುರಾಯ್‌ಗಳಲ್ಲಿ ಲೋ ಇದ್ದದ್ದು 2.27. ಗೇರ್ ಅಷ್ಟು ಇಳಿದರೆ ನಿಧಾನಕ್ಕೆ ಹತ್ತಬಹುದು, ಏಟು ಕಡಿಮೆ, ಅದು ಒಳ್ಳೆಯದೇ. ಆದರೆ ಚಕ್ರ ಸಿಕ್ಕಿಕೊಂಡಾಗ ತಿರುಚುವ ಶಕ್ತಿ ಎರಡು ಪಟ್ಟಿನ ಹತ್ತಿರ ಆಗುತ್ತದೆ. ಅಂಥ ಗಾಡಿಗೆ ಜಾಯಿಂಟ್, ಶಾಫ್ಟ್ ಎರಡೂ ಒಟ್ಟಿಗೆ ಆಗಬೇಕು, ಒಂದನ್ನು ಮಾಡಿ ಇನ್ನೊಂದನ್ನು ಬಿಡುವ ಹಾಗಿಲ್ಲ. ಹಬ್ ಕಡೆಯೂ ಕಣ್ಣಿಡಬೇಕು, ಫ್ರೀ ವೀಲ್ ಹಬ್ (ಚಕ್ರವನ್ನು ಶಾಫ್ಟ್‌ನಿಂದ ಬಿಡಿಸಬಹುದಾದದ್ದು) ಇರುವ ಗಾಡಿಗಳಲ್ಲಿ ಅದು ಮೊದಲು ಕೈಕೊಟ್ಟ ಉದಾಹರಣೆಗಳಿವೆ. ಟೈರ್ ವಿಷಯದಲ್ಲಿ ಗಾಡಿಯಲ್ಲಿ ಮಾರ್ಪಾಡು ಮಾಡುವುದರ ಬಗ್ಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, ಅದನ್ನು ಅವನು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಲಿ.

ನಾನು ಬದಲಿಗೆ ಒಂದು ಪೆಟ್ಟಿಗೆ ಕಟ್ಟಿದ್ದೇನೆ. ಬಿಚ್ಚಿದ ಬಲಗಡೆಯ ಹಳೆಯ ಜಾಯಿಂಟ್ ಚೆನ್ನಾಗೇ ಇತ್ತು, ಅದನ್ನು ತೊಳೆದು, ಗ್ರೀಸ್ ತುಂಬಿ, ಗುಜರಿ ಶಾಫ್ಟ್‌ಗೆ ಜೋಡಿಸಿಯೇ ಇಟ್ಟಿದ್ದೇನೆ. ಎಡ ಬಲ ಶಾಫ್ಟ್ ಒಂದು ಉದ್ದ, ಒಂದು ಗಿಡ್ಡ, ಹಾಗಾಗಿ ಇನ್ನೊಂದು ಬದಿಯ ಶಾಫ್ಟ್ ಬಿಡಿಯಾಗಿ ಜೊತೆಗಿದೆ. ಹಿತ್ತಾಳೆ ಸುತ್ತಿಗೆ, ಸರ್ಕ್ಲಿಪ್ ಪ್ಲೈಯರ್, ಹಬ್ ನಟ್ಟಿನ ಪಾನಾ, ಒಂದು ಡಬ್ಬಿ ಗ್ರೀಸ್, ಹಳೇ ಪಂಚೆಯ ಬಟ್ಟೆ. ಚಕ್ರ, ಬ್ರೇಕ್ ಕ್ಯಾಲಿಪರ್, ಹಬ್, ಸ್ಪಿಂಡಲ್ ಇಷ್ಟು ಬಿಚ್ಚಿದರೆ ಶಾಫ್ಟ್ ಜಾಯಿಂಟ್ ಸಮೇತ ಹೊರಗೆ ಬರುತ್ತದೆ. ಮನೆ ಮುಂದೆ ಒಮ್ಮೆ ಬಿಚ್ಚಿ ಜೋಡಿಸಿ ಅಭ್ಯಾಸ ಮಾಡಿಕೊಳ್ಳಿ, ಕತ್ತಲಲ್ಲಿ ಮೊದಲ ಸಲ ಮಾಡುವ ಕೆಲಸವಲ್ಲ ಇದು. ಬದಲಿ ಇಲ್ಲದಿದ್ದರೂ ಮನೆಗೆ ಬರಬಹುದು. ಚಕ್ರ ನಿಂತಿರುವುದು ಸ್ಪಿಂಡಲ್ ಮೇಲಿನ ಬೇರಿಂಗಿನಲ್ಲಿ, ಶಾಫ್ಟ್ ಮೇಲೆ ಅಲ್ಲ. ಮುರಿದದ್ದನ್ನು ಪೂರ್ತಿ ಎಳೆದು ತೆಗೆಯಿರಿ, ಒಂದು ಚೂರು ಬಾಲ್ ಕೂಡ ನಕಲ್ ಒಳಗೆ ಬಿಡಬೇಡಿ, ಸಿಕ್ಕಿಕೊಂಡರೆ ಸ್ಟೀರಿಂಗ್ ತಿರುಗದೆ ಹೋಗಬಹುದು. ಹೌಸಿಂಗ್ ಬಾಯಿಗೆ ಬಟ್ಟೆ ತುರುಕಿ, ಟೂ ವೀಲ್‌ಗೆ ಹಾಕಿ, ನಿಧಾನಕ್ಕೆ ಬನ್ನಿ. ಬಂದ ಮೇಲೆ ಡಿಫರೆನ್ಷಿಯಲ್ ಆಯಿಲ್ ಎಷ್ಟು ಉಳಿದಿದೆ ನೋಡಿ, ಮತ್ತೆ ಹೊಸ ಶಾಫ್ಟ್ ಹಾಕುವ ಮುಂಚೆ ಆ ಬಟ್ಟೆ ತೆಗೆಯಲು ಮರೆಯಬೇಡಿ.