ಸುಳ್ಳು ಬರೆದ ಪೇಪರನ್ನು ಹರಿಯಬೇಡಿ: ಪತ್ರಿಕೆ ಮೇಲೆ ಮಾನಹಾನಿ ಕೇಸ್ ಹಾಕುವುದು ಹೇಗೆ?

ನಮ್ಮ ಮಾಮಾ ಧಾರವಾಡದಲ್ಲಿ ಒಂದು ಪತ್ತಿನ ಸಹಕಾರಿ ಸಂಘದ ಅಧ್ಯಕ್ಷರಾಗಿದ್ದರು. ಒಂದು ದಿನ ಅವರ ಫೋಟೊ ಒಂದು ವಾರಪತ್ರಿಕೆಯ ಮುಖಪುಟದಲ್ಲಿ ಬಂತು. ಮೇಲೆ ದಪ್ಪ ಕೆಂಪು ಅಕ್ಷರದ ತಲೆಬರಹ. ಬೀಗರ ಹೆಸರಿನಲ್ಲಿ ಸಾಲ ತೋರಿಸಿ ಸಂಘದ ದುಡ್ಡು ನುಂಗಿದ್ದಾರೆ ಅಂತ ಒಳಗೆ ಬರೆದಿತ್ತು. ಮಾಮಾನ ಇಬ್ಬರೂ ಮಕ್ಕಳು ಆಗಿನ್ನೂ ಕಾಲೇಜಿನಲ್ಲಿ ಓದುತ್ತಿದ್ದರು. ಬೀಗರು ಎಲ್ಲಿಂದ ಬರಬೇಕು?

ನಾನು ಮನೆಗೆ ಹೋಗಿ ಕೇಳಿದೆ: “ಮಾಮಾ, ಆ ಪೇಪರ್ ಎಲ್ಲೈತಿ?”

“ಹರದು ಬಚ್ಚಲ ಒಲಿಗೆ ಹಾಕಿದ್ನಿ, ತಮ್ಮಾ.”

ಹೊಟ್ಟೆ ಉರಿದಾಗ ಎಲ್ಲರೂ ಮಾಡುವುದು ಇದನ್ನೇ. ಆದರೆ ಕೋರ್ಟಿನಲ್ಲಿ ಬೇಕಾಗುವುದು ಆ ಪೇಪರೇ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಒಂದೂ ಪ್ರತಿ ಉಳಿದಿರಲಿಲ್ಲ. ಕೊನೆಗೆ ಒಂದು ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಸಿಕ್ಕಿತು. ಮಾಮಾನ ಫೋಟೊ ಮೇಲೆಯೇ ಚಹಾ ಕಪ್ಪಿನ ದುಂಡನೆಯ ಕಲೆ. ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯ ಅಂತ ನಿಶಾನೆ ಹಾಕಿಸಿಕೊಂಡದ್ದು ಆ ಕಲೆ ಬಿದ್ದ ಪ್ರತಿಯೇ.

ಹಾಗಾಗಿ ನೀವು ಪಾಲಿಕೆ ಸದಸ್ಯರಿರಲಿ, ಗಾಯಕರಿರಲಿ, ಮಠದ ಟ್ರಸ್ಟಿಯಿರಲಿ, ನಿಮ್ಮ ಬಗ್ಗೆ ಸುಳ್ಳು ಬಂದರೆ ಅದೇ ದಿನ ನಾಲ್ಕೈದು ಪ್ರತಿ ಕೊಂಡಿಡಿ. ಕತ್ತರಿಸಬೇಡಿ, ಪೂರ್ತಿ ಪೇಪರ್ ಇಡಿ. ಏಕೆಂದರೆ ಕೊನೆಯ ಪುಟದ ತಳದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಎಲ್ಲಿ ಮುದ್ರಣವಾಯಿತು ಅಂತ ಇರುತ್ತದೆ. ನೋಟಿಸ್ ಹೋಗಬೇಕಾದ್ದು ಈ ಹೆಸರುಗಳಿಗೆ. ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಹರಿದಾಡಿದ್ದರೆ ಬರೀ ಸ್ಕ್ರೀನ್‌ಶಾಟ್ ಸಾಲದು. ಹೊಸ ಸಾಕ್ಷ್ಯ ಕಾನೂನಿನ 63ನೇ ಕಲಮಿನ ಪ್ರಕಾರ ಅದಕ್ಕೊಂದು ಪ್ರಮಾಣಪತ್ರ ಬೇಕು. ಯಾವ ಫೋನಿನಿಂದ ತೆಗೆದಿರೋ ಆ ಫೋನನ್ನು ಮಾರಬೇಡಿ, ಮೆಸೇಜ್ ಅಳಿಸಬೇಡಿ.

ಸುಳ್ಳೋ, ಟೀಕೆಯೋ?

ಎರಡನೇ ಕೆಲಸ ಮನೆಯಲ್ಲಿ ಕೂತು ಮಾಡುವಂಥದ್ದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಒಂದು ಪೆನ್ನು ತಗೊಂಡು ಲೇಖನದ ಒಂದೊಂದೇ ವಾಕ್ಯದ ಕೆಳಗೆ ಗೆರೆ ಎಳೆಯಿರಿ. “ಬೀಗರಿಗೆ ಸಾಲ ಕೊಟ್ಟಿದ್ದಾರೆ” ಅನ್ನುವುದು ಸಂಗತಿ. ಅದು ಸುಳ್ಳು ಅಂತ ಸಂಘದ ಪುಸ್ತಕ ತೋರಿಸಿ ಸಾಬೀತು ಮಾಡಬಹುದು. “ಇಂಥ ಅಧ್ಯಕ್ಷರಿಂದ ಸಂಘ ಉದ್ಧಾರವಾದೀತೇ?” ಅನ್ನುವುದು ಅಭಿಪ್ರಾಯ. ಅದು ಚುಚ್ಚುತ್ತದೆ, ಖರೆ. ಆದರೆ ಅದರ ಮೇಲೆ ಕೇಸ್ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಜನರ ದುಡ್ಡು, ಜನರ ಕೆಲಸ ಕೈಯಲ್ಲಿ ಹಿಡಿದವರನ್ನು ಪತ್ರಿಕೆ ಪ್ರಶ್ನೆ ಕೇಳಲೇಬೇಕು. 1994ರಲ್ಲಿ ತಮಿಳಿನ ನಕ್ಕೀರನ್ ಪತ್ರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಸರ್ಕಾರಿ ಹುದ್ದೆಯಲ್ಲಿ ಇರುವವರು ತಮ್ಮ ಅಧಿಕಾರದ ಕೆಲಸದ ಬಗ್ಗೆ ಬಂದ ಬರಹಕ್ಕೆ ಪರಿಹಾರ ಪಡೆಯಬೇಕಾದರೆ, ಬರೆದದ್ದು ಸುಳ್ಳು ಅಂದರೆ ಮಾತ್ರ ಸಾಲದು. ಖರೆ ಸುಳ್ಳು ನೋಡದೆ ಬೇಕಾಬಿಟ್ಟಿ ಬರೆದರು ಅಂತ ತೋರಿಸಬೇಕು. ಅದೇ ತೀರ್ಪು ಮನೆ, ಸಂಸಾರದ ಖಾಸಗಿ ಸಂಗತಿಗಳಿಗೆ ರಕ್ಷಣೆಯನ್ನೂ ಕೊಟ್ಟಿತು.

ಇನ್ನೊಂದು ಮಾತು. ಯಾರಾದರೂ ಬಂದು “ಇಷ್ಟು ಕೊಡಿ, ಇಲ್ಲಾಂದ್ರೆ ಮುಂದಿನ ವಾರ ಬರೆಯುತ್ತೇವೆ” ಅಂದರೆ ಅದು ಮಾನಹಾನಿ ಅಲ್ಲ, ಸುಲಿಗೆ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮು. ಅದಕ್ಕೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ. ಒಂದು ರೂಪಾಯಿಯನ್ನೂ ಕೊಡಬೇಡಿ.

ನೋಟಿಸ್

ಇನ್ನು ವಕೀಲರ ಬಳಿ ಹೋಗಿ. ನೋಟಿಸಿನಲ್ಲಿ ಸಿಟ್ಟು ಬೇಡ. ಯಾವ ದಿನದ ಸಂಚಿಕೆ, ಯಾವ ಪುಟ, ಯಾವ ವಾಕ್ಯ ಸುಳ್ಳು, ಅದಕ್ಕೆ ನಿಮ್ಮ ಹತ್ತಿರ ಇರುವ ದಾಖಲೆ ಏನು, ಎಷ್ಟು ದಿನದಲ್ಲಿ ಏನು ಬೇಕು, ಇಷ್ಟೇ ಸಾಕು. ಸಾಮಾನ್ಯವಾಗಿ ಹದಿನೈದು ದಿನ ಕೊಡುತ್ತಾರೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ತಲುಪಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಎಷ್ಟೋ ಪ್ರಕರಣ ಇಲ್ಲಿಗೇ ಮುಗಿಯುತ್ತವೆ. ಪತ್ರಿಕೆ ಸ್ಪಷ್ಟೀಕರಣ ಹಾಕುತ್ತದೆ, ಇವರೂ ಸುಮ್ಮನಾಗುತ್ತಾರೆ.

ದುಡ್ಡು ಬೇಡ, ತಪ್ಪಾಯಿತು ಅಂತ ಯಾರಾದರೂ ಹೇಳಿದರೆ ಸಾಕು ಅನ್ನುವವರಿಗೆ ಭಾರತೀಯ ಪತ್ರಿಕಾ ಮಂಡಳಿ ಇದೆ. ಅಲ್ಲಿಗೆ ಹೋಗುವ ಮುಂಚೆ ಸಂಪಾದಕರಿಗೆ ನೀವೇ ಪತ್ರ ಬರೆದಿರಬೇಕು. ದಿನಪತ್ರಿಕೆ, ವಾರಪತ್ರಿಕೆ ಆದರೆ ಪ್ರಕಟವಾದ 2 ತಿಂಗಳೊಳಗೆ, ಉಳಿದವಕ್ಕೆ 4 ತಿಂಗಳೊಳಗೆ ದೂರು ಹೋಗಬೇಕು. ಕೋರ್ಟಿನಲ್ಲಿ ಕೇಸ್ ನಡೆಯುತ್ತಿದ್ದರೆ ಮಂಡಳಿ ಮುಟ್ಟುವುದಿಲ್ಲ. ಅದು ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಇಲ್ಲ.

ಎರಡು ಬಾಗಿಲು

ಕೋರ್ಟಿಗೆ ಹೋಗುವುದೇ ಆದರೆ ದಾರಿ ಎರಡು. ಒಂದು ಸಿವಿಲ್ ದಾವಾ, ಅಂದರೆ ಪರಿಹಾರ ಕೇಳುವುದು. ಇನ್ನೊಂದು ಕ್ರಿಮಿನಲ್ ಖಾಸಗಿ ದೂರು, ಅಂದರೆ ಶಿಕ್ಷೆ ಕೇಳುವುದು. ಎರಡನ್ನೂ ಹಾಕಬಹುದು.

ಸಿವಿಲ್ ದಾವಾಕ್ಕೆ ಗಡುವು ಪ್ರಕಟವಾದ ದಿನದಿಂದ 1 ವರ್ಷ. ದಯವಿಟ್ಟು ಇದನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ನಮ್ಮ ಮಾಮಾ ಮೊದಲು ಠಾಣೆಗೆ ಹೋದರು. ಇದು ಪೊಲೀಸರು ತಾವಾಗಿ ಎಫ್‌ಐಆರ್ ಮಾಡುವ ಅಪರಾಧ ಅಲ್ಲ ಅಂತ ಹಿಂಬರಹ ಕೊಟ್ಟು ಕಳಿಸಿದರು. ಆಮೇಲೆ ಹಿರಿಯರು ರಾಜಿ ಮಾಡಿಸುತ್ತೇವೆ ಅಂದರು. ಅವರ ಮಾತು ನಂಬಿ ಕಾದರು. ವಕೀಲರ ಮನೆ ಮೆಟ್ಟಿಲು ಹತ್ತುವಷ್ಟರಲ್ಲಿ 13 ತಿಂಗಳು ಕಳೆದಿತ್ತು. ಒಂದು ಬಾಗಿಲು ಮುಚ್ಚಿಹೋಯಿತು.

ಕೋರ್ಟ್ ಫೀ ನೀವು ಕೇಳುವ ಮೊತ್ತದ ಜೊತೆ ಏರುತ್ತದೆ. ಸುದ್ದಿಗೋಷ್ಠಿ ಕರೆದು ಕೋಟಿ ಕೋಟಿ ಕೇಳುವುದು ಸುಲಭ, ಫೀ ಕಟ್ಟುವಾಗ ಗೊತ್ತಾಗುತ್ತದೆ. ಪತ್ರಿಕೆ ಬೆಂಗಳೂರಿನದಾದರೂ ನಿಮ್ಮ ಹೆಸರು ಕೆಟ್ಟದ್ದು ಹುಬ್ಬಳ್ಳಿಯಲ್ಲಿ ಅಂತಾದರೆ ಹುಬ್ಬಳ್ಳಿ ಕೋರ್ಟಿನಲ್ಲೇ ದಾವಾ ಹಾಕಬಹುದು. ಲೇಖನ ಓದಿ ನಿಮ್ಮ ಬಗ್ಗೆ ಮನಸ್ಸು ಬದಲಾಯಿತು ಅಂತ ಹೇಳುವ ಒಬ್ಬಿಬ್ಬರು ಸಾಕ್ಷಿಗಳನ್ನು ಮೊದಲೇ ನೋಡಿಕೊಳ್ಳಿ. ಅವರು ನಿಮ್ಮ ಮನೆಯವರು ಆಗದಿದ್ದರೆ ಒಳ್ಳೆಯದು.

ಮುಂದೆ ಏನೂ ಬರೆಯಬಾರದು ಅಂತ ತಡೆಯಾಜ್ಞೆ ಕೇಳುವುದು ಈಗ ರೂಢಿಯಾಗಿದೆ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು ಬೆಂಗಳೂರಿನ ಕೋರ್ಟಿನಿಂದ 60ಕ್ಕೂ ಹೆಚ್ಚು ಮಾಧ್ಯಮಗಳ ಮೇಲೆ ಇಂಥ ಆದೇಶ ತಂದಿದ್ದರು. ನಮ್ಮ ಹಾವೇರಿ ಜಿಲ್ಲೆ ಹಿರೇಕೆರೂರಿನ ಬಿ.ಸಿ. ಪಾಟೀಲರೂ ಅವರಲ್ಲಿ ಒಬ್ಬರು. ಆದರೆ 2024ರ ಮಾರ್ಚ್‌ನಲ್ಲಿ ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಟಿವಿ ಕಂಪನಿ ಝೀ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆ ನಡೆಯುವ ಮುಂಚೆಯೇ ಪತ್ರಿಕೆಯ ಬಾಯಿ ಮುಚ್ಚಿಸುವ ಆದೇಶ ಅಪರೂಪಕ್ಕೆ ಮಾತ್ರ ಕೊಡಬೇಕು ಅಂತ ಕೆಳಗಿನ ಕೋರ್ಟುಗಳಿಗೆ ಹೇಳಿದೆ. ನನಗೆ ಇದು ಸರಿ ಅನ್ನಿಸುತ್ತದೆ. ಬರೆದ ಸುಳ್ಳಿಗೆ ಉತ್ತರ ಕೇಳೋಣ, ಇನ್ನೂ ಬರೆಯದ ಮಾತಿಗೆ ಬೀಗ ಯಾಕೆ?

ಕ್ರಿಮಿನಲ್ ದೂರು ಹಾಕುವುದು ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ. ಹಳೆಯ ಐಪಿಸಿ 499, 500 ಹೋಗಿ 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 356ನೇ ಕಲಮು ಬಂದಿದೆ. 2 ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಗಡುವು 3 ವರ್ಷ. ಮಾಮಾನಿಗೆ ಉಳಿದದ್ದು ಈ ಬಾಗಿಲು. ನೀವು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಹೊಸ ಕಾನೂನಿನಲ್ಲಿ ದೂರನ್ನು ವಿಚಾರಣೆಗೆ ತಗೊಳ್ಳುವ ಮುಂಚೆ ಪತ್ರಿಕೆಯವರ ಮಾತನ್ನೂ ಕೇಳುತ್ತಾರೆ. ಬರೆದದ್ದು ಖರೆ ಮತ್ತು ಜನರ ಒಳಿತಿಗಾಗಿ ಬರೆದದ್ದು ಅಂತ ಅವರು ತೋರಿಸಿದರೆ ಅಪರಾಧವೇ ಅಲ್ಲ.

ಎಷ್ಟು ವರ್ಷ ಹಿಡಿಯಬಹುದು? ನಮ್ಮ ಹುಬ್ಬಳ್ಳಿಯದೇ ಉದಾಹರಣೆ ಇದೆ. 2008ರ ಜನವರಿಯಲ್ಲಿ ಗೌರಿ ಲಂಕೇಶ್ ಅವರ ಪತ್ರಿಕೆಯಲ್ಲಿ ಬಂದ ಲೇಖನದ ಮೇಲೆ ಧಾರವಾಡ ಸಂಸದ ಪ್ರಲ್ಹಾದ ಜೋಶಿ ಮತ್ತು ಇನ್ನೊಬ್ಬ ಬಿಜೆಪಿ ಮುಖಂಡರು ದೂರು ಹಾಕಿದ್ದರು. ಹುಬ್ಬಳ್ಳಿಯ ಜೆಎಂಎಫ್‌ಸಿ ಕೋರ್ಟ್ ತೀರ್ಪು ಕೊಟ್ಟದ್ದು 2016ರ ನವೆಂಬರ್ 27ರಂದು. ಆರು ತಿಂಗಳ ಸಜೆ, ದಂಡ. ಬರೆದದ್ದಕ್ಕೆ ತಕ್ಕ ಆಧಾರ ಕೊಡಲಿಲ್ಲ ಅಂತ ಕೋರ್ಟ್ ಹೇಳಿತು. ಗೌರಿ ಅವರಿಗೆ ಅಂದೇ ಜಾಮೀನು ಸಿಕ್ಕಿತು. ಮರುವರ್ಷ ಸೆಪ್ಟೆಂಬರ್ 5ರಂದು ಅವರ ಕೊಲೆಯಾಯಿತು. ಕೇಸಿನ ಎರಡೂ ಕಡೆಯವರು ಎಂಟು ವರ್ಷ ಕೋರ್ಟಿನ ತಾರೀಖು ನೋಡಿದ್ದರು.

ಶಾಸಕರಿಗೆ ಮಾತ್ರ ಮೂರನೆಯ ದಾರಿಯೊಂದಿದೆ, ಹಕ್ಕುಚ್ಯುತಿ. ಅಂದರೆ ಶಾಸಕರ ಹಕ್ಕಿಗೆ ಧಕ್ಕೆ ಬಂತು ಅಂತ ಸದನಕ್ಕೇ ದೂರು ಕೊಡುವುದು. 2017ರ ಜೂನ್‌ನಲ್ಲಿ ರಾಣೆಬೆನ್ನೂರಿನ ಕೆ.ಬಿ. ಕೋಳಿವಾಡರು ಸ್ಪೀಕರ್ ಆಗಿದ್ದಾಗ, ‘ಹಾಯ್ ಬೆಂಗಳೂರ್’ನ ರವಿ ಬೆಳಗೆರೆ ಮತ್ತು ಇನ್ನೊಬ್ಬ ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂತ ವಿಧಾನಸಭೆಯಲ್ಲೇ ಪ್ರಕಟಿಸಿದರು. ದೂರು ಕೊಟ್ಟವರೂ ಶಾಸಕರು, ಶಿಕ್ಷೆ ಕೊಟ್ಟದ್ದೂ ಶಾಸಕರ ಸದನ. ಇದನ್ನು ನಾನು ಒಪ್ಪುವುದಿಲ್ಲ. ಹೆಸರು ಕೆಟ್ಟಿದ್ದರೆ ಎಲ್ಲರೂ ಹೋಗುವ ಕೋರ್ಟಿಗೇ ಶಾಸಕರೂ ಹೋಗಲಿ.

ಪಾಟೀಸವಾಲಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ

ಕೇಸ್ ಹಾಕಿದವರೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಎದುರಿನ ವಕೀಲರು ಆಸ್ತಿ, ಹಳೆಯ ಜಗಳ ಎಲ್ಲವನ್ನೂ ಕೆದಕುತ್ತಾರೆ. ಇಂಗ್ಲೆಂಡಿನ ರಾಜಕುಮಾರ ಹ್ಯಾರಿಗೂ ಇದು ತಪ್ಪಲಿಲ್ಲ. ಮಿರರ್ ಪತ್ರಿಕೆ ತಮ್ಮ ಖಾಸಗಿ ಮಾಹಿತಿ ಕದ್ದಿತು ಅಂತ ಕೇಸ್ ಹಾಕಿ 2023ರ ಜೂನ್‌ನಲ್ಲಿ ತಾವೇ ಸಾಕ್ಷಿ ಹೇಳಿದರು. ಡಿಸೆಂಬರ್‌ನಲ್ಲಿ ಗೆದ್ದರು. ಆದರೆ ವಿಚಾರಣೆಗೆ ಆರಿಸಿಕೊಂಡ 33 ಲೇಖನಗಳಲ್ಲಿ ಕೋರ್ಟ್ ಒಪ್ಪಿದ್ದು 15ನ್ನು ಮಾತ್ರ. ಹಾಗಾಗಿ ನಿಮ್ಮ ಪಟ್ಟಿಯಲ್ಲೂ ಗಟ್ಟಿ ಇರುವ ನಾಲ್ಕು ವಾಕ್ಯ ಇರಲಿ. ಜಾಸ್ತಿ ಹೇಳಿದಷ್ಟೂ ಜಾಸ್ತಿ ಸಾಬೀತು ಮಾಡಬೇಕು.

ಮಾಮಾನ ಪಾಟೀಸವಾಲು ಎರಡು ತಾರೀಖು ನಡೆಯಿತು. ಸಂಘದ ಸಾಲದ ರಿಜಿಸ್ಟರ್ ಮೇಜಿನ ಮೇಲಿತ್ತು, ಬೀಗರ ಹೆಸರು ಯಾವ ಪುಟದಲ್ಲಿದೆ ತೋರಿಸಿ ಅಂತ ನಮ್ಮ ವಕೀಲರು ಕೇಳಿದರು. ಮುಂದಿನ ತಾರೀಖಿಗೆ ಪತ್ರಿಕೆಯವರೇ ರಾಜಿಗೆ ಬಂದರು. ಮಾನಹಾನಿ ರಾಜಿ ಆಗಬಹುದಾದ ಅಪರಾಧ, ದೂರುದಾರರು ಒಪ್ಪಿದರೆ ಮುಗಿಯುತ್ತದೆ.

ರಾಜಿ ಪತ್ರ ಬರೆಯುವಾಗ ನಾವು ಒಂದು ತಪ್ಪು ಮಾಡಿದೆವು. “ವಿಷಾದ ಪ್ರಕಟಿಸುತ್ತೇವೆ” ಅಂತಷ್ಟೇ ಬರೆಸಿಕೊಂಡೆವು. ಅದು ಏಳನೇ ಪುಟದಲ್ಲಿ, ಬೋರ್‌ವೆಲ್ ಜಾಹೀರಾತಿನ ಕೆಳಗೆ ಎರಡು ಸಾಲಿನಲ್ಲಿ ಬಂತು. ಅದಕ್ಕೇ ಹೇಳುತ್ತಿದ್ದೇನೆ: ಯಾವ ಪುಟ, ಎಷ್ಟು ಕಾಲಂ, ತಲೆಬರಹದ ಅಕ್ಷರ ಎಷ್ಟು ದಪ್ಪ, ಫೋಟೊ ಇರಬೇಕೋ ಬೇಡವೋ, ಯಾವ ದಿನದ ಸಂಚಿಕೆ, ವಾಕ್ಯ ಏನು, ಎಲ್ಲವನ್ನೂ ರಾಜಿ ಪತ್ರದಲ್ಲೇ ಬರೆಸಿ. ಆ ಸಂಚಿಕೆ ಕೈಗೆ ಬಂದ ಮೇಲೆಯೇ ಕೇಸ್ ಮುಗಿಸುವುದಕ್ಕೆ ಸಹಿ ಹಾಕಿ.